ಕೃತಕ ಬುದ್ಧಿಮತ್ತೆ ಮತ್ತು ನಾಳಿನ ಅಧ್ಯಾಪಕರು

(ಜಮಖಂಡಿಯಲ್ಲಿ ಬಿ.ಎಡ್. ಪ್ರಶಿಕ್ಷಣಾರ್ಥಿಗಳನ್ನುದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)

 

ಸಭೆಗೆ ಮುನ್ನ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳಿಂದ ಬಂದಿರುವ ನಿಮ್ಮಲ್ಲಿ ಹಲವರೊಂದಿಗೆ ಮಾತನಾಡಿದೆ. ಕೃತಕ ಬುದ್ಧಿಮತ್ತೆಯ ಕುರಿತು ಮೂರು ಬಗೆಯ ನಿಲುವುಗಳು ಕಂಡುಬಂದವು. ಮೊದಲನೆಯದು ಭಯ: ಯಂತ್ರವೇ ಪಾಠ ಮಾಡುವ ಕಾಲ ಬಂದರೆ ನಮಗೆ ನೌಕರಿ ಯಾರು ಕೊಡುತ್ತಾರೆ? ಎರಡನೆಯದು ಮೋಹ: ಪಾಠಯೋಜನೆಯನ್ನು ಅದೇ ಬರೆದುಕೊಡುವಾಗ ರಾತ್ರಿಯಿಡೀ ಕುಳಿತು ನಾವೇಕೆ ಬರೆಯಬೇಕು? ಮೂರನೆಯದು ಔದಾಸೀನ್ಯ: ಇದೆಲ್ಲ ಬೆಂಗಳೂರಿನ ವಿಷಯ, ನಮ್ಮ ಕನ್ನಡ ಮತ್ತು ಉರ್ದು ಶಾಲೆಗಳಿಗೆ ಇದರಿಂದ ಆಗಬೇಕಾದುದೇನು? ಮೂರರಲ್ಲೂ ಸತ್ಯದ ಅಂಶವಿದೆ. ಆದರೆ ಮೂರೂ ಅಪೂರ್ಣ.

ಯಂತ್ರದ ಭಯ ಈ ಸೀಮೆಗೆ ಹೊಸತಲ್ಲ. ರಬಕವಿ-ಬನಹಟ್ಟಿಯ ನೇಕಾರರು ಕೈಮಗ್ಗದ ಪಕ್ಕದಲ್ಲಿ ವಿದ್ಯುತ್ ಮಗ್ಗ ಬಂದು ನಿಂತುದನ್ನು ಕಂಡವರು. ಆಗಲೂ ಮಗ್ಗದ ಒಡೆಯನಾದವನ ಸ್ಥಿತಿಯೂ ಅದರ ಮುಂದೆ ಕೂಲಿಗೆ ನಿಂತವನ ಸ್ಥಿತಿಯೂ ಒಂದೇ ಆಗಲಿಲ್ಲ. ಆದ್ದರಿಂದ ಯಂತ್ರ ಬರುತ್ತದೆಯೇ ಎಂಬುದಕ್ಕಿಂತ ಅದರ ಮುಂದೆ ನಾವು ಯಾವ ಸ್ಥಾನದಲ್ಲಿ ನಿಲ್ಲುತ್ತೇವೆ ಎಂಬುದು ಮುಖ್ಯ ಪ್ರಶ್ನೆ.

ಮಗ್ಗಕ್ಕೂ ಗಣಕಯಂತ್ರಕ್ಕೂ ಇನ್ನೊಂದು ನಂಟಿದೆ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ಎಂಬಾತನು ತೂತು ಕೊರೆದ ಕಾರ್ಡುಗಳಿಂದ ನೇಯ್ಗೆಯ ವಿನ್ಯಾಸವನ್ನು ನಿಯಂತ್ರಿಸುವ ಮಗ್ಗವನ್ನು ರೂಪಿಸಿದನು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ಇದೇ ಕಾರ್ಡಿನ ಉಪಾಯವನ್ನು ಎರವಲು ಪಡೆದನು. ಕಾರ್ಡಿನಲ್ಲಿ ಒಂದು ತೂತು ತಪ್ಪಾದರೆ ಸೀರೆಯ ಉದ್ದಕ್ಕೂ ಆ ತಪ್ಪು ಮರುಕಳಿಸುತ್ತದೆಂದು ನೇಕಾರರ ಮಕ್ಕಳಿಗೆ ಹೇಳಬೇಕಾಗಿಲ್ಲ. ಈ ಮಾತನ್ನು ನೆನಪಿನಲ್ಲಿಡಿ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಳಕೆಗೆ ಬಂದ ಬಳಿಕ ಈ ವಿದ್ಯೆ ಮನೆಮಾತಾಯಿತು. ಇಂತಹ ಯಂತ್ರವು ಅಪಾರ ಪ್ರಮಾಣದ ಬರಹವನ್ನು ಅರಗಿಸಿಕೊಂಡು, ಒಂದು ಪದದ ಬಳಿಕ ಯಾವ ಪದ ಬರುವ ಸಂಭವ ಹೆಚ್ಚು ಎಂಬ ಲೆಕ್ಕದ ಮೇಲೆ ವಾಕ್ಯವನ್ನು ಕಟ್ಟುತ್ತದೆ. ವಾಕ್ಯ ಸೊಗಸಾಗಿದ್ದ ಮಾತ್ರಕ್ಕೆ ವಿಷಯ ಸತ್ಯವಾಗಬೇಕಿಲ್ಲ. ನಿಮ್ಮಲ್ಲೊಬ್ಬ ಸಹೋದರಿ ರನ್ನನ ಕುರಿತು ಪಾಠಯೋಜನೆ ಕೇಳಿದಾಗ ಯಂತ್ರವು ಪಂಪನ ‘ವಿಕ್ರಮಾರ್ಜುನ ವಿಜಯ’ವನ್ನೂ ರನ್ನನ ಕೃತಿಗಳ ಪಟ್ಟಿಗೆ ಸೇರಿಸಿತಂತೆ. ಆಕೆ ರನ್ನನ ಊರಾದ ಮುಧೋಳದವರು. ತಪ್ಪನ್ನು ಕೂಡಲೇ ಗುರುತಿಸಿದರು. ಗೊತ್ತಿಲ್ಲದ ವಿಷಯವಾಗಿದ್ದರೆ? ಅದೇ ತಪ್ಪು ಕರಿಹಲಗೆಗೆ ಏರಿ, ಅಲ್ಲಿಂದ ನಲವತ್ತು ಮಕ್ಕಳ ನೋಟುಪುಸ್ತಕಕ್ಕೆ ಇಳಿಯುತ್ತಿತ್ತು.

ಇಲ್ಲಿ ನಮ್ಮ ಪರಂಪರೆಯ ಒಂದು ಶಿಸ್ತು ನೆನಪಾಗುತ್ತದೆ. ಹದೀಸ್ ವಿದ್ವಾಂಸರು ಪ್ರವಾದಿ(ಸ)ಯವರದೆಂದು ಹೇಳಲಾದ ಯಾವ ಮಾತನ್ನೂ ಕೇಳಿದೊಡನೆ ಸ್ವೀಕರಿಸಲಿಲ್ಲ. ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು, ಆತನ ಸತ್ಯಸಂಧತೆ ಎಂತಹುದು, ನೆನಪಿನ ಶಕ್ತಿ ಎಷ್ಟು ಎಂದು ವರದಿಗಾರರ ಸರಪಣಿಯನ್ನೇ ಪರಿಶೋಧಿಸಿದರು. ಇದಕ್ಕೆ ಇಸ್ನಾದ್ ಎನ್ನುತ್ತಾರೆ. ತಂದ ಸುದ್ದಿಯನ್ನು ಪರಿಶೀಲಿಸದೆ ನಡೆದುಕೊಂಡರೆ ನಿರಪರಾಧಿಗಳಿಗೆ ಹಾನಿಯಾದೀತೆಂದು ಪವಿತ್ರ ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯ ಎಚ್ಚರಿಸುತ್ತದೆ. ಯಂತ್ರದ ಉತ್ತರವು ಹಲವು ವೇಳೆ ಇಸ್ನಾದ್ ಇಲ್ಲದ ವರದಿಯಾಗಿರುತ್ತದೆ. ಕೆಲವೊಮ್ಮೆ ಅದು ಕೊಡುವ ಆಧಾರವೂ ಕಲ್ಪಿತವಾಗಿರುತ್ತದೆ.

ಹಾಗೆಂದು ಅದನ್ನು ದೂರವಿಡಬೇಕೆಂದು ನಾನು ಹೇಳುವುದಿಲ್ಲ. ಬದ್ರ್ ಯುದ್ಧದ ಸೆರೆಯಾಳುಗಳಲ್ಲಿ ಅಕ್ಷರ ಬಲ್ಲವರು ಮದೀನಾದ ಮಕ್ಕಳಿಗೆ ಓದುಬರಹ ಕಲಿಸಿ ಬಿಡುಗಡೆ ಪಡೆದರೆಂದು ಪ್ರವಾದಿ(ಸ)ಯವರ ಚರಿತ್ರೆಯ ಗ್ರಂಥಗಳಲ್ಲಿದೆ. ಶತ್ರುವಿನಿಂದಲೂ ವಿದ್ಯೆ ಕಲಿಯಬಹುದಾದರೆ ಯಂತ್ರದಿಂದ ಕಲಿಯಬಾರದೇಕೆ? ಕಲಿಯೋಣ, ಆದರೆ ಪರೀಕ್ಷಿಸಿ ಕಲಿಯೋಣ.

ಇನ್ನು ಆ ತಪ್ಪಾದ ತೂತಿನ ಮಾತಿಗೆ ಬರೋಣ. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಬೂಬಕರ್ ಆಬಿದ್ ಮತ್ತು ಸಂಗಡಿಗರು ಜಿಪಿಟಿ-3 ಎಂಬ ಮಾದರಿಯನ್ನು ಪರೀಕ್ಷಿಸಿದರು. ಇಬ್ಬರು ಮುಸ್ಲಿಮರು ಒಂದೆಡೆ ಒಳಹೊಕ್ಕರು ಎಂಬರ್ಥದ ಅರ್ಧ ವಾಕ್ಯವನ್ನು ಕೊಟ್ಟು ಪೂರ್ಣಗೊಳಿಸಲು ಹೇಳಿದಾಗ 100ರಲ್ಲಿ 66 ಬಾರಿ ಯಂತ್ರವು ಹಿಂಸೆಯ ಕತೆಯನ್ನೇ ಹೆಣೆಯಿತು. ಬೇರೆ ಧರ್ಮೀಯರ ಹೆಸರನ್ನಿಟ್ಟಾಗ ಆ ಪ್ರಮಾಣ ಬಹಳ ಕಡಿಮೆಯಿತ್ತು. ಅದು ಅಂದಿನ ಮಾದರಿ. ಅನಂತರ ಇಂತಹ ದೋಷಗಳನ್ನು ತಿದ್ದುವ ಯತ್ನಗಳು ನಡೆದಿವೆ. ಆದರೂ ಪಾಠ ಉಳಿಯುತ್ತದೆ. ಯಂತ್ರಕ್ಕೆ ನಮ್ಮ ಮೇಲೆ ದ್ವೇಷವಿಲ್ಲ. ಅದು ಜಗತ್ತು ಬರೆದುದನ್ನು ಓದಿತು, ಓದಿದುದನ್ನು ಒಪ್ಪಿಸಿತು.

ಇದಕ್ಕೆ ಮಾಧ್ಯಮಗಳನ್ನೂ ದ್ವೇಷ ರಾಜಕಾರಣವನ್ನೂ ದೂಷಿಸುವುದು ಸರಿಯೇ. ಆದರೆ ಆತ್ಮಾವಲೋಕನವೂ ಬೇಕು. ನಮ್ಮ ಮಗ್ಗದ ಮನೆಗಳ, ಕಬ್ಬಿನ ಗದ್ದೆಗಳ, ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟ ಬೀಳಗಿಯ ಕುಟುಂಬಗಳ ಬದುಕನ್ನು ಕನ್ನಡದಲ್ಲಿ ನಾವು ಎಷ್ಟು ಬರೆದಿದ್ದೇವೆ? ನಮ್ಮ ಬಗ್ಗೆ ನಾವು ಬರೆಯದಿದ್ದರೆ ಇತರರು ಬರೆದುದೇ ಯಂತ್ರದ ಜ್ಞಾನವಾಗುತ್ತದೆ. ಈ ಕೊರತೆಯನ್ನು ತುಂಬುವ ಹೊಣೆ ಅಕ್ಷರ ಕಲಿತ ನಿಮ್ಮ ಮೇಲಿದೆ.

ಆಳುವವರಿಗೂ ಒಂದು ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೃತಕ ಬುದ್ಧಿಮತ್ತೆಯ ಪ್ರಸ್ತಾಪ ಮಾಡುತ್ತದೆ. ತರಗತಿಯಲ್ಲಿ ಇಂತಹ ಸಾಧನಗಳ ಬಳಕೆಗೆ ಕನಿಷ್ಠ 13 ವರ್ಷದ ವಯೋಮಿತಿ ಬೇಕೆಂದು 2023ರಲ್ಲಿ ಯುನೆಸ್ಕೊ ಸೂಚಿಸಿತು. ಒಳ್ಳೆಯದು. ಆದರೆ ಅತಿಥಿ ಶಿಕ್ಷಕರನ್ನು ನಂಬಿ ಶಾಲೆ ನಡೆಸುತ್ತಾ, ಖಾಯಂ ಹುದ್ದೆ ತುಂಬದೆ, ಅಧ್ಯಾಪಕರ ಬದಲಿಗೆ ಪರದೆಯನ್ನು ತಂದಿಟ್ಟು ಪ್ರಗತಿಯೆಂದು ಕರೆಯುವುದಾದರೆ ಅದನ್ನು ಪ್ರಶ್ನಿಸಲೇಬೇಕು. ಪಟ್ಟಣದ ಶ್ರೀಮಂತನ ಮಗುವಿಗೆ ಯಂತ್ರದ ಜೊತೆಗೆ ಒಳ್ಳೆಯ ಶಿಕ್ಷಕನೂ ಇರುತ್ತಾನೆ. ಬಡವನ ಮಗುವಿಗೆ ಯಂತ್ರ ಮಾತ್ರ ಸಾಕೆನ್ನುವುದು ಅನ್ಯಾಯ.

ಕೊನೆಯದಾಗಿ, ಪಾಠಯೋಜನೆಯನ್ನು ಯಂತ್ರದಿಂದ ಬರೆಯಿಸಿ ತನ್ನದೆಂದು ಒಪ್ಪಿಸುವುದು ಅಂಕಗಳ ಪ್ರಶ್ನೆಯಷ್ಟೇ ಅಲ್ಲ, ಅಮಾನತ್ತಿನ ಪ್ರಶ್ನೆ. ನೆರವು ಪಡೆದರೆ ಪಡೆದೆನೆಂದು ಹೇಳಿ. ಮೊದಲು ನೀವೇ ಬರೆಯಿರಿ, ಬಳಿಕ ಯಂತ್ರವನ್ನು ಕೇಳಿ, ಅದು ಹೇಳಿದುದನ್ನು ಪಠ್ಯಪುಸ್ತಕದೊಂದಿಗೆ ಹೋಲಿಸಿ. ಮಕ್ಕಳಿಗೂ ಇದನ್ನೇ ಕಲಿಸಿ.

ನಾಳೆ ನಿಮ್ಮ ತರಗತಿಯಲ್ಲಿ ಕುಳಿತುಕೊಳ್ಳುವ ಎಷ್ಟೋ ಮಕ್ಕಳ ತಂದೆತಾಯಿಯರು ಓದುಬರಹ ಬಾರದವರು. ಮೊಬೈಲ್ ಹೇಳಿದ್ದು ಸರಿಯೋ ತಪ್ಪೋ ಎಂದು ಮನೆಯಲ್ಲಿ ಹೇಳುವವರಿಲ್ಲ. ಆ ಮಗುವಿಗೂ ಸುಳ್ಳಿಗೂ ನಡುವೆ ನಿಲ್ಲುವ ಏಕೈಕ ವ್ಯಕ್ತಿ ನೀವು. ಆ ಸ್ಥಾನ ನಿಮಗೆ ಇರುವವರೆಗೂ ನಿಮ್ಮ ವೃತ್ತಿಗೆ ಅಳಿವಿಲ್ಲ. ಅದನ್ನು ನೀವೇ ಬಿಟ್ಟುಕೊಟ್ಟರೆ ನಿಮ್ಮನ್ನು ಉಳಿಸಲು ಯಾವ ಸರಕಾರದಿಂದಲೂ ಸಾಧ್ಯವಿಲ್ಲ.

ಪ್ರಯೋಜನಕಾರಿ ಜ್ಞಾನವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.