ಕಾರ್ಖಾನೆ ಬಂದರೆ ಕೆಲಸ ಯಾರಿಗೆ?

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ನಮ್ಮ ಸಂಘಕ್ಕೆ 25 ವರ್ಷ ತುಂಬಿರುವುದು ಎಲ್ಲರಿಗೂ ಸಂತೋಷದ ಸಂಗತಿ. ಈ ಶುಭ ಸಂದರ್ಭದಲ್ಲಿ ನಮ್ಮ ಮಕ್ಕಳ ದುಡಿಮೆ ಬಗ್ಗೆ ಎರಡು ಮಾತು ಆಡಬಯಸುತ್ತೇವೆ. ದಾವಣಗೆರೆ ಸೀಮೆಯ ನಮ್ಮ ಕಡೆಗೆ ಮೆಕ್ಕೆಜೋಳದಿಂದ ಎಥೆನಾಲ್ ತೆಗೆಯುವ ಕಾರ್ಖಾನೆ ಬರುತ್ತದೆಂಬ ಸುದ್ದಿ ಹಬ್ಬಿದಾಗಿನಿಂದ ಅರಳಿಕಟ್ಟೆಯಲ್ಲಿ ಒಂದೇ ಪ್ರಶ್ನೆ: "ಮನೆಗೊಂದು ನೌಕರಿ ಸಿಗುತ್ತಂತೆ, ಹೌದಾ?"

ನಾವು ವಿಚಾರಿಸಿ ತಿಳಿದಿದ್ದನ್ನು ಮುಚ್ಚುಮರೆ ಇಲ್ಲದೆ ಹೇಳ್ತೀವಿ. ಪೆಟ್ರೋಲಿಗೆ ಬೆರೆಸುವ ಎಥೆನಾಲ್ 2014ರಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟಿತ್ತು. 2025ರಲ್ಲಿ 20ಕ್ಕೆ ಮುಟ್ಟಿತು. ಅದರಿಂದಲೇ ಕಬ್ಬಿನ ಜೊತೆಗೆ ಮೆಕ್ಕೆಜೋಳಕ್ಕೂ ಬೇಡಿಕೆ ಬಂತು. ಒಂದು ಟನ್ನಿಗೆ ಸುಮಾರು 380 ಲೀಟರ್ ಎಥೆನಾಲ್ ಬರುತ್ತದೆ. ಆದರೆ ಕಾಳು ಬೀಸುವುದು, ಬೇಯಿಸುವುದು, ಹುಳಿ ಬರಿಸುವುದು, ಬಟ್ಟಿ ಇಳಿಸುವುದು ಎಲ್ಲ ಯಂತ್ರದ ಕೆಲಸ. ಒಳಗೆ ಬೇಕಾಗುವವರು ಬಾಯ್ಲರ್ ಬಲ್ಲವರು, ಐ.ಟಿ.ಐ. ಫಿಟ್ಟರು, ಎಲೆಕ್ಟ್ರಿಷಿಯನ್, ಕೆಮಿಸ್ಟ್ರಿ ಓದಿದವರು. ನಮ್ಮಂಥ ಎಸ್.ಎಸ್.ಎಲ್.ಸಿ.ಗಳಿಗೆ ಉಳಿಯೋದು ಗೇಟು ಕಾಯುವುದು, ಮೂಟೆ ಇಳಿಸುವುದು. ಅದೂ ಬಹುಮಟ್ಟಿಗೆ ಗುತ್ತಿಗೆ ಮೇಲೆ.

ಹಾಗಂತ ನಿರಾಶೆ ಬೇಡ. ಗೇಟಿನ ಹೊರಗೂ ಕೆಲಸ ಹುಟ್ಟುತ್ತದೆ. ಕಾಳು ಒಣಗಿಸಬೇಕು, ತೇವ ನೂರಕ್ಕೆ 14 ಮೀರಿದರೆ ಬೂಷ್ಟು ಹಿಡಿಯುತ್ತದೆ, ದರದಲ್ಲಿ ಮುರಿದುಕೊಳ್ತಾರೆ. ಹಸನು ಮಾಡಬೇಕು, ತೂಗಬೇಕು, ಗೋದಾಮಿನಲ್ಲಿಡಬೇಕು, ಟ್ರ್ಯಾಕ್ಟರಿನಲ್ಲಿ ಸಾಗಿಸಬೇಕು. ಎಥೆನಾಲ್ ತೆಗೆದ ಮೇಲೆ ಉಳಿಯುವ ಒಣ ಚರಟ ದನಕ್ಕೂ ಕೋಳಿಗೂ ಆಹಾರ. ಅದರ ಮಾರಾಟವೂ ಒಂದು ಕಸುಬು. ಇಷ್ಟೂ ದಲ್ಲಾಳಿಗಳ ಪಾಲಾದರೆ ನಮಗೆ ಬರಿ ಕೂಲಿ. ಸಂಘ ಕೈಗೆತ್ತಿಕೊಂಡರೆ ನಮ್ಮ ಹುಡುಗರಿಗೂ ಹೆಣ್ಣುಮಕ್ಕಳಿಗೂ ಊರಲ್ಲೇ ದುಡಿಮೆ.

ಕಾರ್ಖಾನೆ ಬಂತೆಂದು ಬೆಲೆ ತಾನಾಗಿ ಏರುತ್ತದೆಂಬ ಭ್ರಮೆಯೂ ಬೇಡ. 2025ರಲ್ಲಿ ಕ್ವಿಂಟಾಲಿಗೆ 2,400 ರೂಪಾಯಿ ಬೆಂಬಲ ಬೆಲೆ ಇದ್ದರೂ ಪೇಟೆ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದು, ಗದಗ, ಹಾವೇರಿ ಕಡೆ ರೈತರು ಬೀದಿಗಿಳಿದಿದ್ದನ್ನು ಕಂಡಿದ್ದೇವೆ.

ಆದ್ದರಿಂದ ನಮ್ಮ ಮೂರು ಸಲಹೆ. ಒಂದು, ಸಂಘದ ಲಾಭದಲ್ಲಿ ಒಂದು ಪಾಲನ್ನು ಐ.ಟಿ.ಐ. ಓದುವ ಸದಸ್ಯರ ಮಕ್ಕಳಿಗೆ ಮೀಸಲಿಡೋಣ. ಎರಡು, ಸಂಘದ ಜಾಗದಲ್ಲಿ ಸಿಮೆಂಟ್ ಕಣ ಮಾಡಿಸಿ, ತೇವ ಅಳೆಯುವ ಮೀಟರ್ ತರಿಸೋಣ. ಮೂರು, ಜಮೀನು ಕೊಡುವವರು ನೌಕರಿಯ ಭರವಸೆಯನ್ನು ಬಾಯಿಮಾತಿಗೆ ಬಿಡದೆ ಕಾಗದದ ಮೇಲೆ ಬರೆಸಿಕೊಳ್ಳಲಿ.

ಬರುವ ಮಹಾಸಭೆಯಲ್ಲಿ ಇದನ್ನು ಚರ್ಚಿಸಿ ತೀರ್ಮಾನ ಮಾಡಿರೆಂದು ಕೋರುತ್ತಾ ನಮ್ಮ ಮಾತು ಮುಗಿಸುತ್ತೇವೆ.