ಬಸುರಿಯ ತೂಕ, ಮನೆಯ ತಟ್ಟೆ

(ನಮ್ಮ ಟ್ರಸ್ಟ್‌ನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಟ್ರಸ್ಟಿಗಳ ಪರವಾಗಿ ಮಾಡಿದ ಭಾಷಣ)

 

ಪ್ರತಿ ವರ್ಷ ಈ ವೇದಿಕೆಯಿಂದ ನಾವು ಅಂಕಪಟ್ಟಿ, ಫೀಸು, ಹಾಸ್ಟೆಲ್, ಪುಸ್ತಕ ಇವುಗಳ ಬಗ್ಗೆ ಮಾತನಾಡುತ್ತೇವೆ. ಈ ಸಲ ಬಸುರಿ ಹೆಣ್ಣುಮಕ್ಕಳ ಊಟದ ಬಗ್ಗೆ ಮಾತನಾಡಲು ಅನುಮತಿ ಕೇಳುತ್ತೇವೆ. ವಿದ್ಯಾರ್ಥಿವೇತನದ ಸಭೆಯಲ್ಲಿ ಈ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಮಗು ಶಾಲೆಗೆ ಬರುವುದಕ್ಕೆ ಐದಾರು ವರ್ಷ ಮೊದಲೇ ಅದರ ಬೆಳವಣಿಗೆಯ ಲೆಕ್ಕ ಶುರುವಾಗಿರುತ್ತದೆ. ಆ ಲೆಕ್ಕ ಬರೆಯುವುದು ತಾಯಿಯ ತಟ್ಟೆಯಲ್ಲಿ. ಜೊತೆಗೆ ನಮ್ಮಿಂದ ಆದ ಒಂದು ತಪ್ಪನ್ನೂ ದಾನಿಗಳ ಮುಂದೆ ಒಪ್ಪಿಸಬೇಕಾಗಿದೆ. ಹಣ ನಿಮ್ಮದು, ಹಾಗಾಗಿ ಲೆಕ್ಕವೂ ನಿಮಗೇ ಸೇರಬೇಕು.

ತಪ್ಪು ಹೀಗಾಯಿತು. ವಿದ್ಯಾರ್ಥಿವೇತನದ ಅರ್ಜಿ ಪರಿಶೀಲನೆಗೆ ಮನೆಮನೆಗೆ ಹೋದಾಗ ಸಣಕಲು ಬಸುರಿ ಹೆಣ್ಣುಮಕ್ಕಳನ್ನು ಕಂಡೆವು. ಮನಸ್ಸು ಕರಗಿತು. ಕೆಲವು ದಾನಿಗಳ ನೆರವಿನಿಂದ ಪ್ರೋಟೀನ್ ಪೌಡರಿನ ಡಬ್ಬಿಗಳನ್ನು ಕೊಂಡು ಹಂಚಿದೆವು. ಫೋಟೋ ತೆಗೆದೆವು, ಹಿಂದಿನ ವರದಿಯಲ್ಲಿ ಅಚ್ಚು ಹಾಕಿಸಿದೆವು. ಆಮೇಲೆ ಅದೇ ಮನೆಗಳಿಗೆ ಮತ್ತೆ ಹೋದಾಗ ಡಬ್ಬಿ ಏನಾಯಿತು ಎಂದು ಕೇಳಿದೆವು. ಮೊಳಕಾಲ್ಮುರಿನ ಒಂದು ಮನೆಯಲ್ಲಿ ಡಬ್ಬಿ ಷೋಕೇಸಿನಲ್ಲಿತ್ತು, ಮುಚ್ಚಳ ತೆಗೆದಿರಲಿಲ್ಲ. ಮಗ್ಗದ ಕೆಲಸಕ್ಕೆ ಕೂರುವ ಇನ್ನೊಂದು ಮನೆಯಲ್ಲಿ ಅದು ಒಂದೇ ವಾರದಲ್ಲಿ ಮುಗಿದಿತ್ತು. ಮಕ್ಕಳು, ಮಾವ, ಬಂದ ನೆಂಟರು ಎಲ್ಲರೂ ಹಾಲಿಗೆ ಬೆರೆಸಿ ಕುಡಿದಿದ್ದರು. ಸೊಸೆಗೆ ಸಿಕ್ಕಿದ್ದು ಎರಡೋ ಮೂರೋ ಚಮಚ. ಚಳ್ಳಕೆರೆಯ ಮತ್ತೊಂದು ಮನೆಯಲ್ಲಿ, ಪೌಡರು ಕುಡಿಯುತ್ತಿದ್ದಾಳಲ್ಲ ಎಂದು ರಾತ್ರಿಯ ಊಟವನ್ನೇ ಕಡಿಮೆ ಮಾಡಿದ್ದರು.

ಆ ಮನೆಗಳನ್ನು ನಾವು ದೂರುವುದಿಲ್ಲ. ಇದ್ದದ್ದನ್ನು ಹಂಚಿ ತಿನ್ನುವುದು ನಮ್ಮ ಸಂಸ್ಕಾರ. ಎಲ್ಲರೂ ಉಂಡ ಮೇಲೆ ಸೊಸೆ ಕೂರುವುದೂ ನಮ್ಮ ರೂಢಿ. ಬಡತನ ಇರುವ ಮನೆಯಲ್ಲಿ ಕೊನೆಗೆ ಕೂತವಳಿಗೆ ಅನ್ನ ಮತ್ತು ತಿಳಿ ಸಾರು ಉಳಿಯುತ್ತದೆ, ಮೊಟ್ಟೆ ಉಳಿಯುವುದಿಲ್ಲ. ಈ ಒಂದು ಸಂಗತಿಯನ್ನು ನೋಡದೆ ಡಬ್ಬಿ ಹಂಚಿದ್ದು ನಮ್ಮ ತಪ್ಪು.

ಆಮೇಲೆ ವೈದ್ಯರನ್ನೂ ಅಂಗನವಾಡಿ ಕಾರ್ಯಕರ್ತೆಯರನ್ನೂ ಆಶಾ ತಾಯಂದಿರನ್ನೂ ಕೂರಿಸಿಕೊಂಡು ಕೇಳಿದೆವು. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಮೊದಲನೆಯದು, ಇದರಲ್ಲಿ ಪಣಕ್ಕಿರುವುದೇನು ಎಂಬುದು. ನಮ್ಮ ರಾಜ್ಯದ ಮೈಸೂರಿನಲ್ಲೇ ಇದರ ಪುರಾವೆ ಇದೆ. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದ ಶಿಶುಗಳ ತೂಕ, ಉದ್ದ ಮತ್ತು ತಾಯಂದಿರ ತೂಕವನ್ನು ದಾಖಲೆ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ಶಿಶುಗಳಲ್ಲಿ 517 ಮಂದಿಯನ್ನು ನಡುವಯಸ್ಸಿನ ಗಂಡಸರು, ಹೆಂಗಸರಾಗಿ ಹುಡುಕಿ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿ, ಬಸುರಿನಲ್ಲಿ ತಾಯಿಯ ತೂಕ 45 ಕಿಲೋ ಮುಟ್ಟದೇ ಇದ್ದವರಲ್ಲಿ ಹೃದ್ರೋಗ ಎಲ್ಲರಿಗಿಂತ ಹೆಚ್ಚಾಗಿತ್ತು, ಐವರಲ್ಲಿ ಒಬ್ಬರಿಗೆ. ತಾಯಿ ಬಸುರಿಯಾಗಿದ್ದಾಗ ಉಣ್ಣದೇ ಹೋದ ಊಟದ ಸಾಲವನ್ನು ಮಗ ಐವತ್ತನೇ ವಯಸ್ಸಿನಲ್ಲಿ ತೀರಿಸುತ್ತಾನೆ ಎಂದರೆ ತಪ್ಪಾಗಲಾರದು.

ಹಾಗಾದರೆ ಎಷ್ಟು ತೂಕ ಏರಬೇಕು? ಎಲ್ಲರಿಗೂ ಒಂದೇ ಅಳತೆ ಇಲ್ಲ. ಬಸುರಿಗೆ ಮೊದಲು ತೂಕ ಸರಿಯಾಗಿದ್ದವಳು ಒಂಬತ್ತು ತಿಂಗಳಲ್ಲಿ ಸುಮಾರು 11ರಿಂದ 16 ಕಿಲೋ, ತೀರಾ ಸಣಕಲಾಗಿದ್ದವಳು 12ರಿಂದ 18 ಕಿಲೋ, ದಪ್ಪ ಇರುವವಳು 7ರಿಂದ 11 ಕಿಲೋ ಏರುವುದು ಒಳ್ಳೆಯದು ಎಂಬ ಅಂತಾರಾಷ್ಟ್ರೀಯ ಲೆಕ್ಕವಿದೆ. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ 10ರಿಂದ 12 ಕಿಲೋ ಎನ್ನುತ್ತಾರೆ. ಮೊದಲ ಮೂರು ತಿಂಗಳು ವಾಂತಿ, ಓಕರಿಕೆಯಲ್ಲಿ ಒಂದೆರಡು ಕಿಲೋ ಏರಿದರೆ ಸಾಕು. ಆಮೇಲೆ ತಿಂಗಳಿಗೆ ಒಂದೂವರೆಯಿಂದ ಎರಡು ಕಿಲೋ. ಯಾವ ತಿಂಗಳು ಎಷ್ಟು ಏರಿದೆ ಎಂಬುದು ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ. ಗಂಡಂದಿರೇ, ಮನೆಯ ಕರೆಂಟ್ ಬಿಲ್ಲನ್ನು ನೋಡುವಷ್ಟು ಗಮನದಿಂದ ಆ ಕಾರ್ಡನ್ನು ತಿಂಗಳಿಗೊಮ್ಮೆ ನೋಡಿ ಎಂದು ಕೇಳಿಕೊಳ್ಳುತ್ತೇವೆ. ತೂಕ ದಿಢೀರನೆ ಏರಿ, ಮುಖ, ಕೈ ಊದಿಕೊಂಡು, ತಲೆನೋವು ಬಂದರೆ ಅದು ಪುಷ್ಟಿಯಲ್ಲ, ರಕ್ತದೊತ್ತಡದ ಲಕ್ಷಣ ಇರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಕೆಲವು ಹಿರಿಯ ಹೆಂಗಸರು ನಮಗೆ ಹೇಳಿದರು: ಜಾಸ್ತಿ ತಿಂದರೆ ಮಗು ದಪ್ಪವಾಗುತ್ತದೆ, ಹೆರಿಗೆ ಕಷ್ಟವಾಗುತ್ತದೆ, ಆಪರೇಷನ್ ಮಾಡಿಬಿಡುತ್ತಾರೆ. ಈ ಭಯ ಹಳೆಯದು. ಆದರೆ ಅರೆಹೊಟ್ಟೆಯಿಂದ ಹೆರಿಗೆ ಸುಲಭವಾಗುವುದಿಲ್ಲ, ತಾಯಿಗೆ ರಕ್ತ ಕಡಿಮೆಯಾಗುತ್ತದೆ, ಮಗು ಬಲಹೀನವಾಗುತ್ತದೆ. ಇನ್ನು ಕೆಲವರು, ಎರಡು ಜೀವ ಇದೆ, ಇಬ್ಬರ ಊಟ ಉಣ್ಣಬೇಕು ಎನ್ನುತ್ತಾರೆ. ಅದೂ ಸರಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಮೂರು ತಿಂಗಳು ತುಂಬಿದ ಮೇಲೆ ದಿನಕ್ಕೆ ಹೆಚ್ಚುವರಿಯಾಗಿ ಬೇಕಾದದ್ದು 350 ಕ್ಯಾಲೊರಿ. ಪ್ರೋಟೀನು ನಡುವಿನ ಮೂರು ತಿಂಗಳಲ್ಲಿ ಒಂಬತ್ತೂವರೆ ಗ್ರಾಂ, ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ ಹೆಚ್ಚಿಗೆ ಬೇಕು.

ಇದನ್ನು ನಮ್ಮ ಅಡುಗೆಮನೆಯ ಭಾಷೆಗೆ ತರೋಣ. ಒಂದು ಹಿಡಿ ಶೇಂಗಾ, ಅಂದರೆ 30 ಗ್ರಾಂ, ಸುಮಾರು 170 ಕ್ಯಾಲೊರಿ, 7 ಗ್ರಾಂ ಪ್ರೋಟೀನು. ಒಂದು ಮೊಟ್ಟೆ, 75 ಕ್ಯಾಲೊರಿ, 6 ಗ್ರಾಂ. ಒಂದು ಲೋಟ ಹಾಲು, ಸುಮಾರು 120 ಕ್ಯಾಲೊರಿ, 6 ಗ್ರಾಂ. ಕೂಡಿಸಿ ನೋಡಿ. 350 ಕ್ಯಾಲೊರಿ ದಾಟಿತು, ಪ್ರೋಟೀನು 20 ಗ್ರಾಂ ಹತ್ತಿರ ಬಂತು. ಇದು ದಿನದ ಊಟದ ಬದಲಿಗೆ ಅಲ್ಲ, ಊಟದ ಮೇಲೆ. ಊಟದಲ್ಲಿ ಬೇಳೆ, ಸೊಪ್ಪು, ರಾಗಿ ಇರಲಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ. ಎಣ್ಣೆ ಮಿಲ್ಲುಗಳ ಊರು ಎಂದು ಹೆಸರಾದ ಚಳ್ಳಕೆರೆಯಲ್ಲಿ ಕೂತು, ನಮ್ಮದೇ ಹೊಲದ ಶೇಂಗಾ ಮಾರಿ, ಆ ದುಡ್ಡಿನಲ್ಲಿ ದೂರದ ಊರಿನ ಪೌಡರು ತಂದೆವಲ್ಲ ಎಂದು ನಮಗೇ ನಾಚಿಕೆಯಾಯಿತು. ಒಂದೇ ಎಚ್ಚರ: ಬೂಷ್ಟು ಹಿಡಿದ, ಕಹಿಯಾದ ಶೇಂಗಾ ಬೀಜವನ್ನು ಬಸುರಿಗೆ ಮಾತ್ರವಲ್ಲ, ಯಾರಿಗೂ ಕೊಡಬೇಡಿ. ಶೇಂಗಾ ಒಗ್ಗದೆ ಮೈ ತುರಿಕೆ, ಉಬ್ಬಸ ಬರುವವರಿಗೂ ಬೇಡ.

ಪೌಡರಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸ್ಪಷ್ಟವಾಗಿ ಹೇಳಿದೆ. ಪೋಷಣೆ ಕಡಿಮೆ ಇರುವ ಕಡೆ ಬಸುರಿಯರಿಗೆ ಶಕ್ತಿ ಮತ್ತು ಪ್ರೋಟೀನು ಎರಡೂ ಹದವಾಗಿ ಇರುವ ಪೂರಕ ಆಹಾರ ಕೊಡಬೇಕು. ಪ್ರೋಟೀನನ್ನೇ ಅತಿಯಾಗಿ ತುಂಬಿದ ಪೂರಕವನ್ನು ಶಿಫಾರಸು ಮಾಡುವುದಿಲ್ಲ. ವೈದ್ಯರು ನೋಡಿ, ಇಂಥವಳಿಗೆ ಇಂಥದ್ದು ಬೇಕು ಎಂದು ಬರೆದುಕೊಟ್ಟರೆ ಅದು ಬೇರೆ ಮಾತು. ಸಕ್ಕರೆ ಕಾಯಿಲೆ ಇರುವ ಬಸುರಿಗೆ ಸಕ್ಕರೆ ಬೆರೆಸಿದ ಪೌಡರು ತೊಂದರೆಯನ್ನೇ ಮಾಡೀತು.

ಇನ್ನು ಸರ್ಕಾರದ ಊಟ. 2017ರ ಅಕ್ಟೋಬರ್ 2ರಂದು ಕರ್ನಾಟಕದಾದ್ಯಂತ ಮಾತೃಪೂರ್ಣ ಯೋಜನೆ ಶುರುವಾಯಿತು. ಬಸುರಿಯರಿಗೂ ಹೆರಿಗೆಯಾದ ಆರು ತಿಂಗಳವರೆಗೆ ಬಾಣಂತಿಯರಿಗೂ ತಿಂಗಳಲ್ಲಿ 25 ದಿನ ಅಂಗನವಾಡಿಯಲ್ಲಿ ಬಿಸಿಯೂಟ: ಅನ್ನ, ತರಕಾರಿ ಸಾಂಬಾರು, ಸೊಪ್ಪಿನ ಪಲ್ಯ, ಬೇಯಿಸಿದ ಮೊಟ್ಟೆ, 200 ಮಿಲಿ ಲೀಟರ್ ಹಾಲು, ಶೇಂಗಾ ಚಿಕ್ಕಿ. ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು. ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ನಾವು ಈಗ ಕೂಡಿಸಿದ ಶೇಂಗಾ, ಮೊಟ್ಟೆ, ಹಾಲು ಮೂರೂ ಅದರಲ್ಲಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಕೂತು ಉಂಡರೆ ಅದು ಅವಳ ಹೊಟ್ಟೆಗೇ ಹೋಗುತ್ತದೆ.

ಆದರೂ ನಮ್ಮ ಮನೆಗಳ ಹೆಣ್ಣುಮಕ್ಕಳು ಹೋಗುವುದು ಕಡಿಮೆ. ತುಂಬು ಬಸುರಿ ಬೀದಿಯಲ್ಲಿ ನಡೆದು ಹೋಗಿ ಉಣ್ಣುವುದೇ, ನಜರ್ ಆಗುತ್ತದೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅನ್ನ ಇಲ್ಲವೇ ಎಂಬ ಸ್ವಾಭಿಮಾನವೂ ಇದೆ. ಮಗ್ಗ ಬಿಟ್ಟು ಹೋದರೆ ಕೂಲಿ ಹೋಗುತ್ತದೆ ಎಂಬುದು ನಿಜವಾದ ಕಷ್ಟ. ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ: ಅದು ಭಿಕ್ಷೆಯಲ್ಲ, ಹಕ್ಕು. ಅತ್ತೆ ಜೊತೆಯಲ್ಲಿ ಹೋಗಿ ಬಿಟ್ಟು ಬಂದರೆ ಬೀದಿಯ ಬಾಯಿ ತಾನಾಗಿ ಮುಚ್ಚುತ್ತದೆ.

ಮಾತ್ರೆಗಳ ವಿಷಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–20ರ ಲೆಕ್ಕದಲ್ಲಿ ಕರ್ನಾಟಕದ ನೂರು ಬಸುರಿಯರಲ್ಲಿ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ಅಪಾಯ. ಅದಕ್ಕಾಗಿ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ಕಬ್ಬಿಣಾಂಶದ ಮಾತ್ರೆ, ಹೆರಿಗೆಯ ನಂತರ ಮತ್ತೆ 180. ಸುಣ್ಣದ ಅಂಶದ ಮಾತ್ರೆ ದಿನಕ್ಕೆ ಎರಡು. ಎಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಇವೆರಡನ್ನೂ ಒಟ್ಟಿಗೆ ನುಂಗಬಾರದು, ಎರಡು ಗಂಟೆ ಅಂತರ ಇರಬೇಕು. ಕಬ್ಬಿಣದ ಮಾತ್ರೆಯ ಹಿಂದೆಯೇ ಚಹಾ, ಹಾಲು ಬೇಡ. ನಿಂಬೆಹಣ್ಣಿನ ಪಾನಕ ಒಳ್ಳೆಯದು. ನಮ್ಮ ಮನೆಗಳಲ್ಲಿ ಊಟವಾದ ಕೂಡಲೇ ಚಹಾ ಇಡುವ ಅಭ್ಯಾಸವನ್ನು ಈ ಒಂಬತ್ತು ತಿಂಗಳಾದರೂ ಬದಲಿಸೋಣ. ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಿ ಮಾತ್ರೆ ಬಿಡಬೇಡಿ. ಓಕರಿಕೆ ಬಂದರೆ ರಾತ್ರಿ ಊಟದ ನಂತರ ನುಂಗಿ ಮಲಗಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ. ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ರಮಝಾನ್ ಬಗ್ಗೆ ಎಲ್ಲ ಮನೆಗಳಲ್ಲೂ ಪ್ರಶ್ನೆ ಏಳುತ್ತದೆ. ತನಗೆ ಅಥವಾ ಮಗುವಿಗೆ ತೊಂದರೆಯಾದೀತು ಎಂಬ ಭಯವಿದ್ದರೆ ಬಸುರಿಗೂ ಹಾಲುಣಿಸುವ ತಾಯಿಗೂ ಉಪವಾಸ ಬಿಡಲು ನಮ್ಮ ದೀನ್ ರಿಯಾಯಿತಿ ಕೊಟ್ಟಿದೆ. ಆಮೇಲೆ ಹೇಗೆ ತುಂಬಿಸಿಕೊಡಬೇಕು ಎಂಬುದನ್ನು ಉಲಮಾಗಳು ತಿಳಿಸುತ್ತಾರೆ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಅತ್ತೆಮಾವಂದಿರು ಕಿತ್ತುಕೊಳ್ಳಬಾರದು. ಹಝ್ರತ್ ಮರ್ಯಮರಿಗೆ ಹೆರಿಗೆಯ ನೋವಿನ ಹೊತ್ತಿನಲ್ಲಿ ಖರ್ಜೂರವನ್ನೂ ನೀರನ್ನೂ ದಯಪಾಲಿಸಿದ ಪ್ರಸಂಗ ಕುರ್‌ಆನಿನಲ್ಲಿದೆ. ಬಸುರಿಯ ಹಸಿವು ಸಣ್ಣ ವಿಷಯವಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ಮಾತು ಬೇಕೇ?

ಇಷ್ಟೆಲ್ಲ ತಿಳಿದ ಮೇಲೆ ಟ್ರಸ್ಟ್ ಕೆಲವು ತೀರ್ಮಾನಗಳನ್ನು ಮಾಡಿದೆ.

ಇನ್ನು ಮುಂದೆ ಪೌಡರಿನ ಡಬ್ಬಿ ಕೊಳ್ಳುವುದಿಲ್ಲ. ಅದೇ ಹಣದಲ್ಲಿ ಮೊಟ್ಟೆ, ಶೇಂಗಾ, ಬೆಲ್ಲ, ಬೇಳೆಗಳನ್ನು ತಿಂಗಳಿಗೊಮ್ಮೆ ರಾಶಿಯಾಗಿ ಅಲ್ಲ, ವಾರ ವಾರ ತಲುಪಿಸುತ್ತೇವೆ. ಮನೆಯಲ್ಲಿ ಮಕ್ಕಳಿದ್ದರೆ ಅವರ ಪಾಲನ್ನೂ ಸೇರಿಸುತ್ತೇವೆ, ತಾಯಿಯ ಪಾಲು ತಾಯಿಗೇ ಉಳಿಯಲಿ ಎಂದು. ಇದು ಸದಕಾ ಮತ್ತು ಸಾಮಾನ್ಯ ದೇಣಿಗೆಯಿಂದ ನಡೆಯುತ್ತದೆ. ನೆರೆಮನೆಯ ಬಸುರಿ ಯಾವ ಜಾತಿ, ಯಾವ ಮತ ಎಂದು ಕೇಳುವುದಿಲ್ಲ. ಝಕಾತ್ ಹಣ ಅರ್ಹರ ವಿದ್ಯಾರ್ಥಿವೇತನಕ್ಕೇ ಮೀಸಲಾಗಿರುತ್ತದೆ. 9ನೇ ತಾರೀಖಿನ ತಪಾಸಣೆಗೆ ಹಳ್ಳಿಗಳಿಂದ ಬರುವವರಿಗೆ ಹೋಗಿಬರುವ ಖರ್ಚು ಕೊಡುತ್ತೇವೆ.

ಎರಡನೆಯದು ವಿದ್ಯಾರ್ಥಿವೇತನಕ್ಕೆ ಸಂಬಂಧಿಸಿದ್ದು. ಹುಡುಗಿಗೆ ಮದುವೆಯಾದರೆ ವಿದ್ಯಾರ್ಥಿವೇತನ ನಿಲ್ಲಿಸುವ ಪದ್ಧತಿ ನಮ್ಮಲ್ಲಿತ್ತು. ಅದನ್ನು ಕೈಬಿಟ್ಟಿದ್ದೇವೆ. ಮದುವೆಯಾದರೂ, ಬಸುರಿಯಾದರೂ, ಓದು ಮುಂದುವರಿಸುವವಳಿಗೆ ವಿದ್ಯಾರ್ಥಿವೇತನ ಮುಂದುವರಿಯುತ್ತದೆ. ಹೆರಿಗೆಗಾಗಿ ಒಂದು ವರ್ಷ ಬಿಡಬೇಕಾದರೆ ಅವಳ ಸ್ಥಾನ ಕಾದಿರುತ್ತದೆ. ಅರ್ಜಿ ನಮೂನೆಯಲ್ಲಿ, ಮನೆಯಲ್ಲಿ ಬಸುರಿ ಅಥವಾ ಬಾಣಂತಿ ಇದ್ದಾರೆಯೇ ಎಂಬ ಒಂದು ಪ್ರಶ್ನೆ ಸೇರಿಸಿದ್ದೇವೆ. ಅದಕ್ಕೆ ಉತ್ತರ ಬರೆಯುವುದು ನಿಮ್ಮ ಇಚ್ಛೆ. ಬರೆಯದಿದ್ದರೆ ಆಯ್ಕೆಗೆ ಯಾವ ಅಡ್ಡಿಯೂ ಇಲ್ಲ. ಬರೆದರೆ ನಮ್ಮ ಮಹಿಳಾ ಸದಸ್ಯರು ಬಂದು ಕಾಣುತ್ತಾರೆ, ಗಂಡಸರು ಬರುವುದಿಲ್ಲ.

ಪೋಷಕರೇ, ಹುಡುಗಿಯ ತೂಕ ಬಸುರಿಯಾದ ಮೇಲೆ ನೋಡುವಂಥದ್ದಲ್ಲ. ಅವಳು ಎಷ್ಟು ತೂಕದಲ್ಲಿ ತಾಯ್ತನಕ್ಕೆ ಕಾಲಿಡುತ್ತಾಳೆ ಎಂಬುದೇ ಅರ್ಧ ಭಾಗ. ಇಂದು ಈ ವೇದಿಕೆಯಿಂದ ಚೆಕ್ ಪಡೆಯುವ ಹೆಣ್ಣುಮಗಳು ಕಾಲೇಜಿಗೆ ಹೊರಡುವ ಮುನ್ನ ನಾಷ್ಟಾ ಮಾಡಿದ್ದಾಳೆಯೇ ಎಂದು ನೋಡಿ. ತಮ್ಮನಿಗೆ ಇಟ್ಟಷ್ಟು ಮೊಟ್ಟೆ ಅವಳ ತಟ್ಟೆಗೂ ಬೀಳಲಿ.

ದಾನಿಗಳೇ, ಡಬ್ಬಿಯ ಪಕ್ಕ ನಿಂತು ತೆಗೆದ ಫೋಟೋ ಈ ವರ್ಷದ ವರದಿಯಲ್ಲಿ ಇಲ್ಲ. ಮೊಟ್ಟೆ ತಿನ್ನುವ ಬಸುರಿಯ ಫೋಟೋ ನಾವು ತೆಗೆಯುವುದಿಲ್ಲ. ಖರ್ಚಿನ ಪಟ್ಟಿಯಲ್ಲಿ ಶೇಂಗಾ, ಬೆಲ್ಲ, ಮೊಟ್ಟೆ ಎಂಬ ಸಾಲುಗಳು ಮಾತ್ರ ಕಾಣುತ್ತವೆ. ದಯವಿಟ್ಟು ಅವನ್ನೇ ಓದಿ, ಪ್ರಶ್ನೆ ಇದ್ದರೆ ಕೇಳಿ.

ಇಂದು ರಾತ್ರಿ ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡೋಣ. ಮನೆಯಲ್ಲಿ ಬಸುರಿ ಇದ್ದರೆ ಅವಳಿಗೆ ಮೊದಲು ಬಡಿಸೋಣ, ಅವಳು ಉಂಡ ಮೇಲೆ ನಾವು ಕೂರೋಣ. ಇದಕ್ಕೆ ಟ್ರಸ್ಟ್ ಬೇಕಿಲ್ಲ, ಚಂದಾ ಬೇಕಿಲ್ಲ.

ಅಲ್ಲಾಹನು ನಮ್ಮ ತಾಯಂದಿರಿಗೂ ಹುಟ್ಟುವ ಮಕ್ಕಳಿಗೂ ಆಫಿಯತ್ ಕೊಡಲಿ, ನಿಮ್ಮ ದಾನವನ್ನು ಸ್ವೀಕರಿಸಲಿ, ನಮ್ಮ ತಪ್ಪುಗಳನ್ನು ಕ್ಷಮಿಸಲಿ. ಆಮೀನ್.