ಅಂಗವೈಕಲ್ಯ ಪಿಂಚಣಿ ಭಿಕ್ಷೆಯಲ್ಲ
(ಮಾಜಿ ಯೋಧರ ಕುಟುಂಬಗಳ ಕಾನೂನು ಅರಿವು ಸಭೆಯಲ್ಲಿ ಮಾಡಿದ ಭಾಷಣ)



ವೈದ್ಯಕೀಯ ತಪಾಸಣೆಯಲ್ಲಿ ಆರೋಗ್ಯವಂತನೆಂದು ದೃಢಪಟ್ಟ ಬಳಿಕವೇ ಯುವಕನೊಬ್ಬ ಸೈನ್ಯಕ್ಕೆ ಸೇರುತ್ತಾನೆ. ವರ್ಷಗಳ ಸೇವೆಯ ನಂತರ ಕಾಯಿಲೆ ಬಿದ್ದರೆ ಅವನನ್ನು ಮನೆಗೆ ಕಳುಹಿಸಲಾಗುತ್ತದೆ. ಪಿಂಚಣಿ ಕೇಳಿದರೆ, ‘ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಆ ಒಂದು ಸಾಲಿಗೆ ಹೆದರಿ ನಾವು ಸುಮ್ಮನಾಗಬೇಕೇ?

ಧರ್ಮವೀರ್ ಸಿಂಗ್ ಎಂಬ ಸೈನಿಕರು ಸುಮ್ಮನಾಗಲಿಲ್ಲ. 1985ರಲ್ಲಿ ಸಿಗ್ನಲ್ ದಳಕ್ಕೆ ಸೇರಿದ ಅವರನ್ನು ಮೂರ್ಛೆರೋಗದ ಕಾರಣದಿಂದ 1994ರಲ್ಲಿ ಸೇವೆಯಿಂದ ಬಿಡುಗಡೆ ಮಾಡಲಾಯಿತು. ಶೇ. 20ರಷ್ಟು ವೈಕಲ್ಯವಿದೆಯೆಂದು ಒಪ್ಪಿದ ವೈದ್ಯಕೀಯ ಮಂಡಳಿ, ಅದಕ್ಕೆ ಸೇವೆ ಕಾರಣವಲ್ಲವೆಂದಿತು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಅವರು ಗೆದ್ದರು, ವಿಭಾಗೀಯ ಪೀಠದಲ್ಲಿ ಸೋತರು. ಕೊನೆಗೆ 2013ರ ಜುಲೈ 2ರಂದು ಸುಪ್ರೀಮ್ ಕೋರ್ಟು ಅವರ ಹಕ್ಕನ್ನು ಎತ್ತಿಹಿಡಿಯಿತು.

ನ್ಯಾಯಾಲಯದ ತರ್ಕ ಸರಳವಾಗಿತ್ತು. ಸೇರ್ಪಡೆಯ ವೇಳೆ ದಾಖಲೆಯಲ್ಲಿ ಕಾಯಿಲೆಯ ಉಲ್ಲೇಖವಿಲ್ಲದಿದ್ದರೆ ಸೈನಿಕ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು. ಕಾಯಿಲೆಗೆ ಸೇವೆ ಕಾರಣವಲ್ಲವೆಂದು ಸಾಬೀತುಪಡಿಸುವ ಹೊಣೆ ಸರಕಾರದ್ದೇ ಹೊರತು ಸೈನಿಕನದ್ದಲ್ಲ. ಸಂಶಯದ ಲಾಭ ಸೈನಿಕನಿಗೆ ಸಲ್ಲಬೇಕು. ವೈದ್ಯಕೀಯ ಮಂಡಳಿ ತನ್ನ ಅಭಿಪ್ರಾಯಕ್ಕೆ ಕಾರಣಗಳನ್ನು ನೀಡಬೇಕು. 2025ರಲ್ಲಿ ರಾಜುಮೋನ್ ಮೊಕದ್ದಮೆಯಲ್ಲಿಯೂ ಅದೇ ನ್ಯಾಯಾಲಯ, ಕಾರಣ ನೀಡದ ಮಂಡಳಿಯ ಅಭಿಪ್ರಾಯದ ಮೇಲೆ ಪಿಂಚಣಿ ನಿರಾಕರಿಸಲಾಗದೆಂದು ಸ್ಪಷ್ಟಪಡಿಸಿತು.

ಹಾಗೆಂದು ಪ್ರತಿಯೊಂದು ಅರ್ಜಿಯೂ ಗೆಲ್ಲುತ್ತದೆಂದು ನಾವು ಹೇಳುವುದಿಲ್ಲ. ಮಂಡಳಿ ಸಕಾರಣವಾದ ಅಭಿಪ್ರಾಯ ನೀಡಿದ್ದರೆ ಹಾದಿ ಕಠಿಣವಾಗುತ್ತದೆ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಜಾರಿಗೆ ಬಂದಿವೆ. ಆದ್ದರಿಂದ ಬಿಡುಗಡೆಯ ದಿನಾಂಕವನ್ನು ಮೊದಲು ನೋಡಿಕೊಳ್ಳಬೇಕು.

ನಿರಾಕರಣೆಯ ಪತ್ರ ಕೈಸೇರಿದಾಗ ಅದನ್ನು ಹರಿದೆಸೆಯದಿರಿ. ವೈದ್ಯಕೀಯ ಮಂಡಳಿಯ ವರದಿಯ ಪ್ರತಿ ಪಡೆಯಿರಿ. ಸೇರ್ಪಡೆಯ ವೇಳೆಯ ವೈದ್ಯಕೀಯ ದಾಖಲೆಯನ್ನೂ ಕೇಳಿರಿ. ಮೊದಲು ಇಲಾಖೆಯೊಳಗೆ ಮೇಲ್ಮನವಿ ಸಲ್ಲಿಸಿರಿ. ಅಲ್ಲಿಯೂ ತಿರಸ್ಕೃತವಾದರೆ, ಅಂತಿಮ ಆದೇಶದಿಂದ ಆರು ತಿಂಗಳೊಳಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮೊರೆ ಹೋಗಬಹುದು. ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಯಲ್ಲಿದೆ. ವಿಳಂಬವಾದವರೂ ನಿರಾಶರಾಗಬೇಕಿಲ್ಲ. ಪಿಂಚಣಿ ತಿಂಗಳು ತಿಂಗಳೂ ಸಲ್ಲಬೇಕಾದುದರಿಂದ ಅದರ ನಿರಾಕರಣೆ ಮುಂದುವರಿಯುವ ಅನ್ಯಾಯವೆಂದು 2008ರ ತರ್ಸೇಮ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು ಪರಿಗಣಿಸಿತು. ಆದರೆ ಹಿಂಬಾಕಿಯನ್ನು ಅರ್ಜಿಗೆ ಹಿಂದಿನ ಮೂರು ವರ್ಷಗಳಿಗೆ ಸೀಮಿತಗೊಳಿಸಿತು. ಅಂದರೆ, ನಮ್ಮ ಮೌನಕ್ಕೆ ನಾವೇ ಬೆಲೆ ತೆರುತ್ತೇವೆ.

ಪಿಂಚಣಿ ಸರಕಾರದ ಕೃಪೆಯಲ್ಲವೆಂದು ನಕಾರಾ ಮೊಕದ್ದಮೆಯಲ್ಲಿ ಸಂವಿಧಾನ ಪೀಠ 1982ರಲ್ಲಿಯೇ ಹೇಳಿದೆ. ದುಡಿದ ದೇಹ ಕುಸಿದಾಗ ಆಸರೆ ಕೇಳುವುದು ನಾಚಿಕೆಯ ಮಾತಲ್ಲ. ಆಸರೆ ನೀಡಬೇಕಾದವರು ಕಾರಣ ಹೇಳದೆ ಬಾಗಿಲು ಮುಚ್ಚುವುದೇ ನಾಚಿಕೆಗೇಡು. ಆ ಬಾಗಿಲನ್ನು ತಟ್ಟುವ ಹಕ್ಕು ನಮಗಿದೆ, ತಟ್ಟೋಣ.